ನಿರ್ಮಿತ ಜೌಗುಭೂಮಿ: ಕೊಟ್ಟಿಗೆಯ ಕೊಳೆನೀರು ಮತ್ತು ಹೊಲದ ಹರಿನೀರಿನ ಶುದ್ಧೀಕರಣ

ಸ್ವಾಭಾವಿಕವಾದ ಜೌಗುನೆಲದಲ್ಲಿ ಮಣ್ಣು, ನೀರು, ಸಸ್ಯ, ಸೂಕ್ಷ್ಮಜೀವಿಗಳು ಕೂಡಿ ನಡೆಸುವ ಶೋಧನಕ್ರಿಯೆಯು ಬೇಕಾದ ಸ್ಥಳದಲ್ಲಿ, ಬೇಕಾದ ಪ್ರಮಾಣದಲ್ಲಿ, ಮನುಷ್ಯನ ಹತೋಟಿಗೆ ಒಳಪಟ್ಟು ನಡೆಯುವಂತೆ ಏರಿ, ತೂಬು, ಕೋಡಿಗಳನ್ನು ಕಟ್ಟಿ, ಜೊಂಡು ಮೊದಲಾದ ಜಲಸಸ್ಯಗಳನ್ನು ನೆಟ್ಟು ರೂಪಿಸಿದ ಆಳವಿಲ್ಲದ ಜಲಾಶಯಕ್ಕೆ ನಿರ್ಮಿತ ಜೌಗುಭೂಮಿಯೆಂದು ಹೆಸರು. ಊರಿನ ಚರಂಡಿನೀರು, ಗಣಿಯ ಆಮ್ಲನೀರು, ಕಾರ್ಖಾನೆಯ ಕಲ್ಮಷಜಲ ಮೊದಲಾದುವನ್ನು ಶುದ್ಧಗೊಳಿಸಲೂ ಇದನ್ನು ಬಳಸುವುದುಂಟು. ಪ್ರಸ್ತುತ ಲೇಖನದ ವಿಷಯ ದನದ ಕೊಟ್ಟಿಗೆ, ಹಾಲು ಕರೆಯುವ ಮನೆ, ಹಂದಿಸಾಕಣೆಯ ಶಾಲೆಗಳಿಂದ ಹೊರಬೀಳುವ ಕೊಳೆನೀರು ಮತ್ತು ಗೊಬ್ಬರ ಹಾಕಿದ ಹೊಲಗಳಿಂದ ಮಳೆಯಲ್ಲಿ ಕೊಚ್ಚಿಬರುವ ಹರಿನೀರು. ಯಂತ್ರ ಮತ್ತು ಇಂಧನಗಳ ಕೆಲಸವನ್ನು ನೆಲಕ್ಕೂ ಕಾಲಕ್ಕೂ ಒಪ್ಪಿಸಿಬಿಡುವುದೇ ಈ ವಿಧಾನದ ಮೂಲತತ್ತ್ವ. ಒಳಗೆ ಬಂದ ಕಲ್ಮಷಗಳಲ್ಲಿ ಕೆಲವು ಅನಿಲವಾಗಿ ಗಾಳಿಯನ್ನು ಸೇರುವುವು, ಕೆಲವು ಹೂಳಾಗಿ ತಳದಲ್ಲಿ ನಿಲ್ಲುವುವು, ಕೆಲವು ಕೋಡಿಯನ್ನು ದಾಟಿ ಮುಂದೆ ಹೋಗುವುವು. ಯಾವ ಕಲ್ಮಷಕ್ಕೆ ಯಾವ ದಾರಿ ಎಂಬುದನ್ನು ಅರಿತವನಿಗೆ ಈ ವಿಧಾನದ ಶಕ್ತಿಯೂ ಮಿತಿಯೂ ಏಕಕಾಲದಲ್ಲಿ ವಿದಿತವಾಗುತ್ತವೆ.

ಕೊಳೆನೀರಿನ ಸ್ವರೂಪ

ನಾಲ್ಕಾರು ದನಗಳನ್ನು ಕಟ್ಟಿಕೊಂಡ ರೈತನ ಮನೆಯಲ್ಲಿ ಸಗಣಿ ತಿಪ್ಪೆಗೂ ಗಂಜಲ ಗಿಡಗಳ ಬುಡಕ್ಕೂ ಹೋಗಿ, ಮೇವಾಗಿ ಬಂದದ್ದು ಗೊಬ್ಬರವಾಗಿ ಹೊಲಕ್ಕೆ ಮರಳುವುದರಿಂದ ಅಲ್ಲಿ ಕೊಳೆನೀರೆಂಬ ಸಮಸ್ಯೆಯೇ ಹೆಚ್ಚಾಗಿ ಹುಟ್ಟುವುದಿಲ್ಲ. ನೂರಾರು ಹಸುಗಳನ್ನೋ ಸಾವಿರಾರು ಹಂದಿಗಳನ್ನೋ ಒಂದೇ ಸೂರಿನಡಿಯಲ್ಲಿ ಕೂಡಿಹಾಕಿ, ದೂರದ ನೆಲದಲ್ಲಿ ಬೆಳೆದ ಮೇವನ್ನು ತಂದು ತಿನ್ನಿಸಿ, ನೆಲವನ್ನು ನೀರಿನಿಂದ ತೊಳೆಯತೊಡಗಿದಾಗ ಆ ಚಕ್ರವು ಕಡಿದುಹೋಗಿ, ಗೊಬ್ಬರವಾಗಬೇಕಾಗಿದ್ದ ವಸ್ತುವೇ ಕಲ್ಮಷವಾಗಿ ಪರಿಣಮಿಸುತ್ತದೆ.

ಇಂಥ ನೀರಿನ ಉಗ್ರತೆಯನ್ನು ಅಳೆಯುವ ಮಾನಕ್ಕೆ ಜೈವಿಕ ಆಮ್ಲಜನಕ ಬೇಡಿಕೆ, ಬಳಕೆಯ ಮಾತಿನಲ್ಲಿ ಬಿಓಡಿ, ಎಂದು ಹೆಸರು. ನೀರಿನಲ್ಲಿರುವ ಸಾವಯವ ದ್ರವ್ಯವನ್ನು ಜೀವಾಣುಗಳು ಜೀರ್ಣಿಸಿಕೊಳ್ಳುವಾಗ ಎಷ್ಟು ಆಮ್ಲಜನಕ ವ್ಯಯವಾಗುವುದೆಂಬುದನ್ನು ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 5 ದಿನಗಳವರೆಗೂ, ಉಷ್ಣದೇಶವಾದ ಭಾರತದಲ್ಲಿ 27 ಡಿಗ್ರಿಯಲ್ಲಿ 3 ದಿನಗಳವರೆಗೂ ನೋಡಿ ಇದನ್ನು ಗೊತ್ತುಮಾಡುವುದು ರೂಢಿ. ಮನೆಬಳಕೆಯ ಚರಂಡಿನೀರಿನಲ್ಲಿ ಇದು ಲೀಟರಿಗೆ ಸುಮಾರು 300 ಮಿಲಿಗ್ರಾಂ ಇದ್ದರೆ, ದನದ ಸಗಣಿಯ ಬಗ್ಗಡದಲ್ಲಿ 10,000ದಿಂದ 20,000, ಹಂದಿಯ ಬಗ್ಗಡದಲ್ಲಿ 20,000ದಿಂದ 30,000, ಹಗೇವಿನಲ್ಲಿ ಹುದುಗಿಸಿದ ಹಸಿಮೇವಿನಿಂದ ಸೋರುವ ರಸದಲ್ಲಿ 30,000ಕ್ಕೂ ಮಿಗಿಲಾಗಿರುತ್ತದೆ. ಪರಿಶುದ್ಧವೆಂದು ನಾವು ಭಾವಿಸುವ ಹಾಲನ್ನೇ ತೊರೆಗೆ ಚೆಲ್ಲಿದರೆ ಅದರ ಬೇಡಿಕೆ ಲೀಟರಿಗೆ 1,40,000 ಮಿಲಿಗ್ರಾಮಿನಷ್ಟಾಗುವುದರಿಂದ, ಹಾಲಿನ ಪಾತ್ರೆಗಳನ್ನು ತೊಳೆದ ತಿಳಿನೀರು ಸಹ ಮೀನಿಗೆ ಮೃತ್ಯುವಾಗಬಲ್ಲದು.

ಇದರೊಂದಿಗೆ ಮೀನಿಗೆ ವಿಷಪ್ರಾಯವಾದ ಅಮೋನಿಯ, ಕುಡಿಯುವ ನೀರಿನಲ್ಲಿ ಮಿತಿಮೀರಿದರೆ ಹಸುಗೂಸುಗಳ ರಕ್ತದ ಆಮ್ಲಜನಕಧಾರಣಶಕ್ತಿಯನ್ನೇ ಕುಂದಿಸುವ ನೈಟ್ರೇಟು, ಕೆರೆಗಳಲ್ಲಿ ಪಾಚಿಯನ್ನು ಉಕ್ಕಿಸುವ ರಂಜಕ, ಕರುಳಿನ ರೋಗಾಣುಗಳು ಇವೆಲ್ಲವೂ ಸೇರಿ ಬರುತ್ತವೆ. ಕೊಳೆನೀರನ್ನು ದೊಡ್ಡ ಹೊಂಡಗಳಲ್ಲಿ ಶೇಖರಿಸಿಡುವುದು ಅಮೆರಿಕದ ಹಂದಿಸಾಕಣೆಯಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಅದರ ಅಪಾಯವು 1995ರ ಜೂನ್ ತಿಂಗಳಲ್ಲಿ ಉತ್ತರ ಕ್ಯಾರೊಲೈನ ರಾಜ್ಯದಲ್ಲಿ ಲೋಕಕ್ಕೆಲ್ಲ ಪ್ರಕಟವಾಯಿತು. ಅಲ್ಲಿನ ಒಂದು ಹೊಂಡದ ಏರಿ ಒಡೆದು ಸುಮಾರು 9.5 ಕೋಟಿ ಲೀಟರ್ ಬಗ್ಗಡ ನ್ಯೂ ರಿವರ್ ಎಂಬ ನದಿಯ ಕಡೆಗೆ ಹರಿದುಹೋಯಿತು.

ಇತಿಹಾಸ

ಜೌಗುನೆಲಕ್ಕೆ ಕೊಳೆನೀರನ್ನು ಬಿಡುವ ರೂಢಿ ಪುರಾತನವಾದದ್ದೇ ಆದರೂ, ಜಲಸಸ್ಯಗಳ ಶೋಧನಶಕ್ತಿಯನ್ನು ಪ್ರಯೋಗದಿಂದ ಪರೀಕ್ಷಿಸಿದವರಲ್ಲಿ ಮೊದಲಿಗಳು ಜರ್ಮನಿಯ ಪ್ಲೋನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿ ಕೇಟೆ ಸೈಡೆಲ್. 1950ರ ದಶಕದ ಆದಿಯಿಂದ ಆಕೆ ಸರೋವರದ ಜೊಂಡನ್ನು ಜಲ್ಲಿಯಲ್ಲಿ ನೆಟ್ಟು, ಅದರ ಮೂಲಕ ಫೀನಾಲು ಬೆರೆತ ನೀರನ್ನೂ, ಮುಂದೆ ಪಶುಶಾಲೆ ಮತ್ತು ಹಾಲಿನ ಉದ್ಯಮಗಳ ಕೊಳೆನೀರನ್ನೂ ಹಾಯಿಸಿ ಫಲವನ್ನು ದಾಖಲಿಸಿದಳು. ಆದುದರಿಂದ ಪಶುತ್ಯಾಜ್ಯಕ್ಕೂ ಈ ವಿಧಾನಕ್ಕೂ ನಂಟು ಆರಂಭದಿಂದಲೇ ಇದ್ದಿತೆನ್ನಬಹುದು. ಹಾಲೆಂಡಿನಲ್ಲಿ ಸಮುದ್ರದಿಂದ ಗೆದ್ದ ಫ್ಲೇವೊಲ್ಯಾಂಡಿನ ನೆಲದಲ್ಲಿ, ವಿಹಾರಶಿಬಿರವೊಂದರ ಕೊಳೆನೀರಿಗಾಗಿ 1967ರಲ್ಲಿ ತೆರೆದ ಜೌಗೊಂದನ್ನು ಕಟ್ಟಿದರು. ಮಣ್ಣಿನ ಪಾತಿಯಲ್ಲಿ ಬೇರುಗಳ ವಲಯದ ಮೂಲಕವೇ ನೀರನ್ನು ಹಾಯಿಸುವ ಪದ್ಧತಿಯನ್ನು ರೈನ್‌ಹೋಲ್ಡ್ ಕಿಕುತ್ ಪ್ರತಿಪಾದಿಸಿದನು. ಅದಕ್ಕನುಸಾರವಾದ ಪೂರ್ಣಪ್ರಮಾಣದ ಪಾತಿ 1974ರಲ್ಲಿ ಜರ್ಮನಿಯ ಓಟ್‌ಫ್ರೇಸೆನ್ ಎಂಬಲ್ಲಿ ಕೆಲಸಕ್ಕೆ ತೊಡಗಿತು.

ಕೃಷಿಕ್ಷೇತ್ರದಲ್ಲಿ ಇದು ವ್ಯಾಪಕವಾದದ್ದು 1980ರ ದಶಕದ ಕೊನೆಯಿಂದೀಚೆಗೆ. ಅಮೆರಿಕದ ಕೃಷಿ ಇಲಾಖೆಗೆ ಸೇರಿದ ಮಣ್ಣು ಸಂರಕ್ಷಣ ಸೇವಾವಿಭಾಗವು 1991ರಲ್ಲಿ ಪಶುತ್ಯಾಜ್ಯದ ಜೌಗುಗಳ ರಚನೆಗೆ ಸೂತ್ರಗಳನ್ನು ಪ್ರಕಟಿಸಿತು. ನ್ಯೂಜಿಲೆಂಡಿನಲ್ಲಿ ಹಾಲು ಕರೆಯುವ ಮನೆಗಳ ನೀರಿನ ಮೇಲೂ, ಉತ್ತರ ಕ್ಯಾರೊಲೈನದಲ್ಲಿ ಹಂದಿಯ ಬಗ್ಗಡದ ಮೇಲೂ ದೀರ್ಘಕಾಲದ ಪರಿಶೀಲನೆಗಳು ನಡೆದುವು.

ಪ್ರಕಾರಗಳು

ನೀರು ಹರಿಯುವ ರೀತಿಯನ್ನನುಸರಿಸಿ ಇವು ಮೂರು ಬಗೆ. ಮೊದಲನೆಯದು ಮೇಲ್ಹರಿವಿನದು: ಜೊಂಡಿನ ಕಾಂಡಗಳ ನಡುವೆ ಗೇಣುದ್ದದ ನೀರು ಬಯಲಾಗಿ ಹರಿಯುವ, ನೋಡಲು ಕೆರೆಯಂಗಳದಂತಿರುವ ರಚನೆ. ಎರಡನೆಯದು ಒಳಹರಿವಿನದು: ಜಲ್ಲಿಯ ಹಾಸಿನ ಒಳಗೇ ನೀರು ಅಡ್ಡಲಾಗಿ ಸಾಗುವುದರಿಂದ ನಾತವಾಗಲಿ ಸೊಳ್ಳೆಯಾಗಲಿ ಕಡಮೆ. ಮೂರನೆಯದು ಲಂಬಹರಿವಿನದು: ಮೇಲಿನಿಂದ ಸರದಿಯಾಗಿ ಸುರಿದ ನೀರು ಮರಳು ಜಲ್ಲಿಗಳಲ್ಲಿ ಕೆಳಗಿಳಿಯುವಾಗ ಅದರ ಹಿಂದೆಯೇ ಗಾಳಿಯೂ ಒಳಸೇರುವುದರಿಂದ ಆಮ್ಲಜನಕದ ಪೂರೈಕೆ ಅಧಿಕ. ಸಗಣಿಯ ನಾರು, ಮೇವಿನ ಚೂರು, ಕೂದಲುಗಳಿಂದ ತುಂಬಿದ ಕೊಟ್ಟಿಗೆಯ ನೀರು ಜಲ್ಲಿಯ ಸಂದುಗಳನ್ನು ಬೇಗನೆ ಮುಚ್ಚಿಬಿಡುವುದರಿಂದ, ಪಶುತ್ಯಾಜ್ಯಕ್ಕೆ ಹೆಚ್ಚಾಗಿ ಆಯ್ದುಕೊಳ್ಳುವುದು ಮೇಲ್ಹರಿವಿನ ಬಗೆಯನ್ನೇ.

ಶೋಧನಕ್ರಿಯೆ

ತೂಬಿನಿಂದ ಒಳಬಂದ ನೀರಿನ ವೇಗ ಕಾಂಡಗಳ ನಡುವೆ ಕುಗ್ಗುತ್ತಲೇ ಘನಕಣಗಳು ತಳಕ್ಕಿಳಿಯುವುವು. ನೀರಲ್ಲಿ ಮುಳುಗಿದ ಕಾಂಡ, ಕೊಳೆಯುತ್ತಿರುವ ಎಲೆ, ಬಿದ್ದ ಕಸ ಎಲ್ಲದರ ಮೇಲೂ ಕೈಗೆ ಲೋಳೆಯಂತೆ ಹತ್ತುವ ತೆಳುವಾದ ಪೊರೆಯೊಂದು ಬೆಳೆಯುತ್ತದೆ. ಕರಗಿದ ಸಾವಯವ ದ್ರವ್ಯವನ್ನು ತಿಂದು ವಿಘಟಿಸುವ ಜೀವಾಣುಗಳ ವಸತಿ ಅದೇ. ಆಗುವ ಶುದ್ಧೀಕರಣದ ಬಹುಪಾಲು ಈ ಲೋಳೆಯದಾಗಿದ್ದು, ಜೊಂಡಿನ ಮುಖ್ಯವಾದ ಉಪಕಾರವೆಂದರೆ ಅದಕ್ಕೆ ಮೈಯನ್ನು ಒದಗಿಸುವುದು.

ಸಸ್ಯದ ಇನ್ನೊಂದು ಉಪಕಾರ ಕುತೂಹಲಕರವಾದದ್ದು. ಜೊಂಡಿನ ಎಲೆಯನ್ನು ಅಡ್ಡಲಾಗಿ ಕೊಯ್ದು ನೋಡಿದರೆ ಒಳಗೆ ಜೇನುಹುಟ್ಟಿನ ಕೋಣೆಗಳಂತೆ ಗಾಳಿಯ ಗೂಡುಗಳು ಕಾಣುವುವು. ನೀರಿನ ಮೇಲಿನ ಎಲೆಗಳಿಂದ ಕೆಸರಿನಲ್ಲಿ ಹುದುಗಿದ ಬೇರಿನವರೆಗೆ ಈ ಗೂಡುಗಳ ಮೂಲಕ ಗಾಳಿ ಇಳಿಯುತ್ತದೆ. ಲಾಳದ ಕಡ್ಡಿಯ ಜಾತಿಯ ಫ್ರಾಗ್‌ಮೈಟಿಸ್ ಎಂಬ ಹುಲ್ಲಿನಲ್ಲಂತೂ ಎಳೆಯ ಕಾಂಡಗಳು ಗಾಳಿಯನ್ನು ಒಳಕ್ಕೆ ತಳ್ಳಿದರೆ, ಹಿಂದಿನ ವರ್ಷ ಒಣಗಿ ಮುರಿದು ನಿಂತ ಕಾಂಡಗಳು ಹೊಗೆಗೂಡಿನಂತೆ ಅದನ್ನು ಹೊರಕ್ಕೆ ಬಿಡುವುವು. ಆದುದರಿಂದ ಸತ್ತ ಕಡ್ಡಿಗಳೆಂದು ಅವನ್ನೆಲ್ಲ ಸವರಿಹಾಕುವುದು ಜಾಣತನವಲ್ಲ. ಜೌಗಿನಿಂದ ಇಂಥದೊಂದು ಗಿಡವನ್ನು ಬೇರುಸಹಿತ ಕಿತ್ತು ಮೆಲ್ಲನೆ ತೊಳೆದರೆ, ಸುತ್ತಲಿನ ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ನಾತವನ್ನು ಬೀರುತ್ತಿದ್ದರೂ, ಎಳೆಬೇರುಗಳ ಮೈಗೆ ತುಕ್ಕಿನ ಬಣ್ಣದ ಲೇಪವೊಂದು ಹತ್ತಿರುವುದನ್ನು ಕಾಣಬಹುದು. ಬೇರಿನಿಂದ ಸೋರಿದ ಆಮ್ಲಜನಕವು ಕೆಸರಿನಲ್ಲಿ ಕರಗಿದ್ದ ಕಬ್ಬಿಣವನ್ನು ತುಕ್ಕಾಗಿಸಿದ್ದಕ್ಕೆ ಈ ಲೇಪವೇ ಸಾಕ್ಷಿ. ಆದರೆ ಹೀಗೆ ಸೋರುವ ಆಮ್ಲಜನಕ ಅತ್ಯಲ್ಪವಾದದ್ದೆಂಬುದನ್ನು ಮರೆತು, ಗಿಡವೊಂದೇ ಎಲ್ಲವನ್ನೂ ಮಾಡುವುದೆಂದು ನಂಬಿ ಕಟ್ಟಿದ ಜೌಗುಗಳು ನಿರಾಸೆಯನ್ನು ತಂದಿವೆ.

ಸಾರಜನಕದ ದಾರಿ ಎರಡು ಮಜಲುಗಳದು. ಆಮ್ಲಜನಕವಿರುವ ಎಡೆಯಲ್ಲಿ ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್ ಮೊದಲಾದ ಜೀವಾಣುಗಳು ಅಮೋನಿಯವನ್ನು ನೈಟ್ರೈಟಿಗೂ ಅಲ್ಲಿಂದ ನೈಟ್ರೇಟಿಗೂ ಮಾರ್ಪಡಿಸುವುವು. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬೇರೆ ಜೀವಾಣುಗಳು ಆ ನೈಟ್ರೇಟನ್ನೇ ಉಸಿರಾಗಿ ಬಳಸಿ ಸಾರಜನಕವನ್ನು ಅನಿಲರೂಪದಲ್ಲಿ ಗಾಳಿಗೆ ಬಿಡುವುವು. ಎರಡನೆಯ ಮಜಲಿಗೆ ಬೇಕಾದ ಇಂಗಾಲವನ್ನು ಕೊಳೆಯುವ ಎಲೆಗಳೇ ಒದಗಿಸುತ್ತವೆ. ಕೊಟ್ಟಿಗೆಯ ನೀರಿಗೆ ತೊಡಕಾಗುವುದು ಮೊದಲನೆಯ ಮಜಲು. 1 ಗ್ರಾಂ ಅಮೋನಿಯ ಸಾರಜನಕದ ಪರಿವರ್ತನೆಗೆ ಸುಮಾರು 4.57 ಗ್ರಾಂ ಆಮ್ಲಜನಕ ಬೇಕಾಗುವುದರಿಂದ, ಸಾವಯವ ದ್ರವ್ಯದ ವಿಘಟನೆಯೇ ಇದ್ದ ಆಮ್ಲಜನಕವನ್ನೆಲ್ಲ ಕಬಳಿಸಿದ ನೀರಿನಲ್ಲಿ ಅಮೋನಿಯ ಹಾಗೆಯೇ ಉಳಿದುಬಿಡುತ್ತದೆ. ಇದಕ್ಕೆ ಪರಿಹಾರವಾಗಿ ಉತ್ತರ ಕ್ಯಾರೊಲೈನದ ಗ್ರೀನ್ಸ್‌ಬರೊದಲ್ಲಿ ಜೌಗು, ತೆರೆದ ಕೊಳ, ಮತ್ತೆ ಜೌಗು ಎಂಬ ಕ್ರಮದ ರಚನೆಯನ್ನು ಹಂದಿಯ ತ್ಯಾಜ್ಯಕ್ಕಾಗಿ ಪ್ರಯೋಗಿಸಿದರು.

ರಂಜಕಕ್ಕಾದರೋ ಗಾಳಿಗೆ ಹಾರುವ ದಾರಿಯಿಲ್ಲ. ಅದು ಮಣ್ಣಿನ ಕಬ್ಬಿಣ, ಅಲ್ಯುಮಿನಿಯಂ, ಸುಣ್ಣಗಳೊಡನೆ ಬೆಸೆದುಕೊಂಡು ತಳದಲ್ಲಿ ನಿಲ್ಲುತ್ತದೆ. ಸ್ವಲ್ಪ ಭಾಗ ಗಿಡದ ಮೈಯನ್ನು ಸೇರಿ, ಗಿಡ ಸತ್ತು ಕೊಳೆತಾಗ ಬಹುಪಾಲು ನೀರಿಗೆ ಮರಳುತ್ತದೆ. ಮಣ್ಣಿನ ಹಿಡಿದಿಡುವ ಶಕ್ತಿ ವರ್ಷಗಳು ಕಳೆದಂತೆ ತೀರುವುದಲ್ಲದೆ, ಆಮ್ಲಜನಕವಿಲ್ಲದ ಕೆಸರಿನಲ್ಲಿ ಕಬ್ಬಿಣಕ್ಕೆ ಅಂಟಿದ್ದ ರಂಜಕ ಮರಳಿ ಬಿಡುಗಡೆಯಾಗುವುದೂ ಉಂಟು. ರೋಗಾಣುಗಳು ಘನಕಣಗಳೊಂದಿಗೆ ತಳಕ್ಕಿಳಿದು, ಸೂರ್ಯರಶ್ಮಿಗೆ ಸಿಕ್ಕಿ, ಬೇರೆ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ, ಕಾಲ ಕಳೆದಂತೆ ಕ್ಷೀಣಿಸುವುವು.

ರಚನೆ ಮತ್ತು ಲೆಕ್ಕಾಚಾರ

ಕೊಟ್ಟಿಗೆಯ ನೀರನ್ನು ನೇರವಾಗಿ ಜೌಗಿಗೆ ಬಿಡತಕ್ಕದ್ದಲ್ಲ. ಮೊದಲು ಅದನ್ನು ತಂಗುಹೊಂಡದಲ್ಲಿ ನಿಲ್ಲಿಸಿ ಸಗಣಿ ಮತ್ತು ನಾರನ್ನು ಬೇರ್ಪಡಿಸಬೇಕು; ಅಮೋನಿಯದ ಪ್ರಮಾಣ ಲೀಟರಿಗೆ 200 ಮಿಲಿಗ್ರಾಂ ಮುಟ್ಟಿದರೆ ಜೊಂಡೂ ಸೊರಗುವುದರಿಂದ ಅಗತ್ಯವಿದ್ದಲ್ಲಿ ತಿಳಿನೀರನ್ನು ಬೆರೆಸಬೇಕು. ಸೂರಿನ ಮೇಲೆ ಬೀಳುವ ಶುದ್ಧವಾದ ಮಳೆನೀರನ್ನು ಕೊಳೆನೀರಿಗೆ ಸೇರಲು ಬಿಡದೆ ದೋಣಿಗಳ ಮೂಲಕ ಬೇರೆಯಾಗಿ ಹೊರಸಾಗಿಸುವುದು ಅತಿ ಅಗ್ಗದ, ಆದರೂ ಅತಿ ಹೆಚ್ಚು ಫಲ ಕೊಡುವ ಸುಧಾರಣೆ.

ಜೌಗಿನ ತಳಕ್ಕೆ ಜೇಡಿಮಣ್ಣನ್ನು ದಮ್ಮಸ್ಸು ಮಾಡಿ ನೀರು ಅಂತರ್ಜಲಕ್ಕೆ ಇಂಗದಂತೆ ನೋಡಿಕೊಳ್ಳಬೇಕು. ನೀರಿನ ಆಳ ಸಾಮಾನ್ಯವಾಗಿ 15ರಿಂದ 45 ಸೆಂಟಿಮೀಟರ್. ಅಡ್ಡಗಲದಲ್ಲಿ ತಳವು ಗದ್ದೆಯ ಮಡಿಯಷ್ಟು ಸಮತಟ್ಟಾಗಿರದಿದ್ದರೆ ನೀರು ತಗ್ಗಾದ ಒಂದೇ ಜಾಡನ್ನು ಹಿಡಿದು, ಜೌಗಿನ ಬಹುಭಾಗವನ್ನು ಮುಟ್ಟದೆಯೇ ಕೋಡಿಯನ್ನು ಸೇರಿಬಿಡುತ್ತದೆ. ಒಂದೇ ದೊಡ್ಡ ಜೌಗಿಗಿಂತ ಒಂದರ ಪಕ್ಕ ಒಂದರಂತೆ ಇರುವ ಅಂಕಣಗಳು ಲೇಸು. ಒಂದನ್ನು ದುರಸ್ತಿಗಾಗಿ ಬರಿದುಮಾಡಿದಾಗ ಇನ್ನೊಂದು ಕೆಲಸ ನಡೆಸುತ್ತಿರುತ್ತದೆ.

ವಿಸ್ತಾರವನ್ನು ಗೊತ್ತುಮಾಡಲು ಅಮೆರಿಕದ 1991ರ ಸೂತ್ರಗಳು ಎರಡು ನಿಬಂಧನೆಗಳನ್ನು ಹೇಳಿದವು: ದಿನವೊಂದಕ್ಕೆ ಹೆಕ್ಟೇರಿಗೆ 73 ಕಿಲೋಗ್ರಾಮಿಗೆ ಮಿಗಿಲಾಗಿ ಬಿಓಡಿ ಬೀಳಕೂಡದು, ನೀರು 12 ದಿನಗಳಾದರೂ ಜೌಗಿನಲ್ಲಿ ತಂಗಬೇಕು. ಉದಾಹರಣೆಗೆ, ತಂಗುಹೊಂಡವನ್ನು ದಾಟಿ ದಿನಕ್ಕೆ 20,000 ಲೀಟರ್ ನೀರು ಬರುತ್ತಿದ್ದು ಅದರ ಬಿಓಡಿ ಲೀಟರಿಗೆ 365 ಮಿಲಿಗ್ರಾಂ ಇದೆಯೆಂದು ಇಟ್ಟುಕೊಂಡರೆ, ದಿನದ ಹೊರೆ 7.3 ಕಿಲೋಗ್ರಾಂ ಆಗಿ, ಮೊದಲನೆಯ ನಿಬಂಧನೆಯಂತೆ 1,000 ಚದರ ಮೀಟರ್ ನೆಲ ಬೇಕು. 12 ದಿನದ ನೀರು 240 ಘನ ಮೀಟರ್. 30 ಸೆಂಟಿಮೀಟರ್ ಆಳದಲ್ಲಿ ಅದಕ್ಕೆ 800 ಚದರ ಮೀಟರ್, ಕಾಂಡಗಳು ಆಕ್ರಮಿಸುವ ಜಾಗಕ್ಕಾಗಿ ಇನ್ನಷ್ಟು ಸೇರಿಸಿದರೆ 900ರ ಸುಮಾರು. ಎರಡರಲ್ಲಿ ದೊಡ್ಡದಾದ 1,000 ಚದರ ಮೀಟರನ್ನೇ, ಎಂದರೆ ಸುಮಾರು ಕಾಲು ಎಕರೆಯನ್ನು, ಇಟ್ಟುಕೊಳ್ಳತಕ್ಕದ್ದು.

ಫಲದ ವಿಷಯದಲ್ಲಿ ಅತಿಶಯೋಕ್ತಿ ಸಲ್ಲದು. ಉತ್ತರ ಅಮೆರಿಕದ 68 ಸ್ಥಳಗಳ ಪಶುತ್ಯಾಜ್ಯದ ಜೌಗುಗಳಿಂದ ಸಂಗ್ರಹಿಸಿ 2000ದಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ನೀರಿನಲ್ಲಿದ್ದ ಬಿಓಡಿ ಸರಾಸರಿ ಶೇಕಡ 65, ತೇಲುಕಣ 53, ಅಮೋನಿಯ ಸಾರಜನಕ 48, ಒಟ್ಟು ಸಾರಜನಕ ಮತ್ತು ಒಟ್ಟು ರಂಜಕ ತಲಾ 42ರಷ್ಟು ಇಳಿದಿದ್ದವು. ಒಳಬರುವ ನೀರು ಅತಿ ಉಗ್ರವಾದದ್ದಾದುದರಿಂದ ಶೇಕಡ 65 ಕಳೆದ ಮೇಲೂ ಉಳಿದದ್ದು ತೊರೆಗೆ ಬಿಡಲು ಯೋಗ್ಯವಾಗಿಲ್ಲದಿರಬಹುದು. ಈ ಕಾರಣದಿಂದ ಅನೇಕ ಕಡೆ ಹೊರಬಂದ ನೀರನ್ನು ಹೊಲಕ್ಕೆ ಹಾಯಿಸುವುದೂ, ಅದರಿಂದಲೇ ಮತ್ತೆ ಕೊಟ್ಟಿಗೆಯನ್ನು ತೊಳೆಯುವುದೂ ರೂಢಿಗೆ ಬಂದಿದೆ.

ಹೊಲದ ಹರಿನೀರು

ಕೊಟ್ಟಿಗೆಯ ನೀರಿಗೆ ಒಂದು ಬಾಯಿ ಇರುತ್ತದೆ. ಹೊಲದ ಹರಿನೀರಿಗೆ ಅಂಥ ಬಾಯಿಲ್ಲದೆ, ಮಳೆ ಬಂದಾಗ ಎಲ್ಲೆಡೆಯಿಂದಲೂ ಒಮ್ಮೆಗೇ ಬಂದು, ಮಳೆ ನಿಂತಾಗ ಇಲ್ಲವಾಗುವುದರಿಂದ, ಅದನ್ನು ತಡೆಯುವ ಜೌಗು ಜಲಾನಯನದ ತಗ್ಗಿನಲ್ಲಿ, ತೊರೆಯನ್ನು ಸೇರುವ ಮೊದಲೇ ಇರಬೇಕಾಗುತ್ತದೆ. ಅಮೆರಿಕದ ಅಯೋವ ರಾಜ್ಯದಲ್ಲಿ ಮೆಕ್ಕೆಜೋಳದ ಹೊಲಗಳ ಅಡಿಯಲ್ಲಿ ಹುಗಿದ ಬಸಿಗೊಳವೆಗಳು ನೈಟ್ರೇಟನ್ನು ನೇರವಾಗಿ ತೊರೆಗೂ, ಅಲ್ಲಿಂದ ಮಿಸಿಸಿಪ್ಪಿ ನದಿಯ ಮೂಲಕ ಮೆಕ್ಸಿಕೊ ಕೊಲ್ಲಿಗೂ ಒಯ್ಯುವುದನ್ನು ತಡೆಯಲು, ಜಲಾನಯನ ವಿಸ್ತಾರದ ಶೇಕಡ 0.5ರಿಂದ 2ರಷ್ಟು ನೆಲದಲ್ಲಿ ಜೌಗುಗಳನ್ನು ಕಟ್ಟುವ ಯೋಜನೆಯಿದೆ. ಈ ನೀರಿನಲ್ಲಿ ಸಾರಜನಕವು ಆಗಲೇ ನೈಟ್ರೇಟಿನ ರೂಪದಲ್ಲಿರುವುದರಿಂದ ಕಷ್ಟದ ಮೊದಲ ಮಜಲು ಹೊಲದ ಮಣ್ಣಿನಲ್ಲೇ ಮುಗಿದಿದ್ದು, ಜೌಗಿಗೆ ಉಳಿಯುವುದು ಸುಲಭವಾದ ಎರಡನೆಯ ಮಜಲು ಮಾತ್ರ.

ಇಂಥ ಕಾರ್ಯದಲ್ಲಿ ಅತಿವಿಶಾಲವಾದ ನಿದರ್ಶನ ಫ್ಲಾರಿಡದ್ದು. ಒಕಿಚೋಬಿ ಸರೋವರದ ದಕ್ಷಿಣದ ಕಬ್ಬಿನ ಗದ್ದೆಗಳಿಂದ ಹರಿಯುವ ರಂಜಕವು ಎವರ್‌ಗ್ಲೇಡ್ಸ್ ಎಂಬ ಮಹಾಜೌಗಿನ ಸಸ್ಯಸಂಪತ್ತನ್ನೇ ಮಾರ್ಪಡಿಸುತ್ತಿದ್ದುದರಿಂದ, 1994ರ ಶಾಸನವೊಂದಕ್ಕೆ ಅನುಸಾರವಾಗಿ 20,000 ಹೆಕ್ಟೇರಿಗೂ ಮಿಕ್ಕ ನಿರ್ಮಿತ ಜೌಗುಗಳನ್ನು ಅಲ್ಲಿ ಕ್ರಮೇಣ ಕಟ್ಟಲಾಯಿತು. ಎವರ್‌ಗ್ಲೇಡ್ಸಿನ ನೀರಿಗೆ ಗೊತ್ತುಮಾಡಿದ ರಂಜಕದ ಮಿತಿ ಶತಕೋಟಿಗೆ 10 ಭಾಗ ಮಾತ್ರ.

ಆ್ಯನ್ ಕಣಿವೆಯ ಪ್ರಯೋಗ

ಐರ್ಲೆಂಡಿನ ಆಗ್ನೇಯದಲ್ಲಿ ವಾಟರ್‌ಫರ್ಡ್ ಪ್ರಾಂತದ ಆ್ಯನ್ ಕಣಿವೆಯು ಕೊಟ್ಟಿಗೆಯ ನೀರು ಮತ್ತು ಜಲಾನಯನದ ಹಿತಗಳೆರಡನ್ನೂ ಒಂದೇ ದೃಷ್ಟಿಯಿಂದ ನೋಡಿದ ಪ್ರಯೋಗವಾಗಿ ಪ್ರಸಿದ್ಧವಾಗಿದೆ. 1990ರ ದಶಕದಲ್ಲಿ ರೋರಿ ಹ್ಯಾರಿಂಗ್ಟನ್ ಮತ್ತು ಸಹೋದ್ಯೋಗಿಗಳ ಪ್ರೇರಣೆಯಿಂದ ಅಲ್ಲಿನ 13 ಪಶುಪಾಲಕರ ಜಮೀನುಗಳಲ್ಲಿ, ಕೊಟ್ಟಿಗೆಯಂಗಳದ ನೀರು ಒಂದಾದ ಮೇಲೊಂದರಂತೆ ಹಲವು ಆಳವಿಲ್ಲದ ಕೊಳಗಳಲ್ಲಿ ಹಾದುಬರುವ ವ್ಯವಸ್ಥೆ ಏರ್ಪಟ್ಟಿತು. ಪ್ಲಾಸ್ಟಿಕ್ ಹಾಸಿಲ್ಲದೆ ಸ್ಥಳದ ಮಣ್ಣನ್ನೇ ತಳವಾಗಿಸಿ, ನೇರಗೆರೆಯ ತೊಟ್ಟಿಗಳಿಗೆ ಬದಲಾಗಿ ನೆಲದ ಏರಿಳಿತಕ್ಕೆ ಹೊಂದುವ ಬಾಗುಬಳುಕಿನ ಕೊಳಗಳನ್ನು ತೋಡಿ, ಜಲಶುದ್ಧಿಯೊಂದಿಗೆ ಭೂದೃಶ್ಯವೂ ಜೀವಿವೈವಿಧ್ಯವೂ ವರ್ಧಿಸುವಂತೆ ಯೋಜಿಸಿದ್ದರಿಂದ ಇವನ್ನು ಸಮಗ್ರ ನಿರ್ಮಿತ ಜೌಗುಗಳೆಂದು ಕರೆದರು. ನೆಲದ ವಿಷಯದಲ್ಲಿ ಅವರು ಕೃಪಣರಾಗಲಿಲ್ಲ. ನೀರು ಬರುವ ಅಂಗಳಕ್ಕಿಂತ ಅದನ್ನು ಶುದ್ಧಗೊಳಿಸುವ ಜೌಗು ದೊಡ್ಡದಾಗಿರಬೇಕೆಂಬುದು ಅವರ ನಿಯಮ. ಈ ಅನುಭವವನ್ನು ಆಧರಿಸಿ ಐರ್ಲೆಂಡಿನ ಸರ್ಕಾರ 2010ರಲ್ಲಿ ಮಾರ್ಗದರ್ಶಿಯೊಂದನ್ನು ಹೊರತಂದಿತು.

ಭಾರತದಲ್ಲಿ

ಭಾರತದಲ್ಲಿ ಈ ವಿಧಾನದ ಬಳಕೆ ಹೆಚ್ಚಾಗಿ ಊರಿನ ಕೊಳೆನೀರಿಗೇ ಸಂಬಂಧಿಸಿದ್ದು. ಭುವನೇಶ್ವರದ ಸೈನಿಕ ಶಾಲೆಯಲ್ಲಿ, ಉಜ್ಜಯಿನಿಯ ರವೀಂದ್ರನಗರ ಬಡಾವಣೆಯಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗಗಳು ಮೊದಮೊದಲಿನವು. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ, ಮೊದಲಿಗೆ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯವಿದ್ದ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಕೆರೆಯನ್ನು ಸೇರುವ ಮುನ್ನ ಜೊಂಡಿನ ಜೌಗೊಂದನ್ನು ಹಾದುಬರುವ ಏರ್ಪಾಡು ಪ್ರಸಿದ್ಧವಾಗಿದೆ. ಕರ್ನಾಟಕದ ಹಾಲು ಉತ್ಪಾದಕರಲ್ಲಿ ಬಹುಮಂದಿ ನಾಲ್ಕಾರು ದನಗಳನ್ನು ಸಾಕುವವರಾಗಿದ್ದು, ಸಗಣಿ ಅವರಿಗೆ ತ್ಯಾಜ್ಯವಾಗಿರದೆ ಸಂಪತ್ತಾಗಿರುವುದರಿಂದ, ಜೌಗಿನ ಪ್ರಯೋಜನವಿರುವುದು ನೀರು ಸುರಿದು ತೊಳೆಯುವ ದೊಡ್ಡ ಕೊಟ್ಟಿಗೆಗಳಿಗೆ; ಅಲ್ಲಿಯೂ ಸಗಣಿಯನ್ನು ಗೋಬರ್ ಗ್ಯಾಸಿಗೂ ಗೊಬ್ಬರಕ್ಕೂ ತೆಗೆದಿಟ್ಟು, ಉಳಿದ ತೊಳೆನೀರನ್ನು ಮಾತ್ರ ಜೌಗಿಗೆ ಬಿಡುವುದೇ ಯುಕ್ತ.

ಮಿತಿಗಳು ಮತ್ತು ನಿರ್ವಹಣೆ

ಚಳಿದೇಶಗಳಲ್ಲಿ ಸಾರಜನಕವನ್ನು ಕಳೆಯುವ ಜೀವಾಣುಗಳು ಮಾಗಿಯಲ್ಲಿ ಮಂದವಾಗುವುದರಿಂದ ಆ ತಿಂಗಳುಗಳ ನೀರನ್ನು ಹೊಂಡದಲ್ಲಿ ಹಿಡಿದಿಡಬೇಕಾಗುತ್ತದೆ. ಬಿಸಿಲುದೇಶಗಳಲ್ಲಿ ನೀರು ಆವಿಯಾಗಿ ಲವಣಗಳು ಗಟ್ಟಿಗೊಳ್ಳುವುವು. ಬೇಸಗೆಯಲ್ಲಿ ಒಳಹರಿವು ನಿಂತರೆ ಗಿಡಗಳು ಒಣಗುವುವು. ಕೆಸರಿನಿಂದ ಮೀಥೇನು, ನೈಟ್ರಸ್ ಆಕ್ಸೈಡುಗಳೂ ಹೊರಡುವುದುಂಟು. ನಿಂತ ನೀರಿನಲ್ಲಿ ಸೊಳ್ಳೆಯ ಕಾಟವನ್ನು ತಡೆಯಲು ಮರಿಹುಳುಗಳನ್ನು ತಿನ್ನುವ ಮೀನುಗಳಿಗೆ ಬದುಕಲು ಸಾಕಷ್ಟು ಆಮ್ಲಜನಕ ಕೊನೆಯ ಅಂಕಣಗಳಲ್ಲಾದರೂ ಉಳಿದಿರಬೇಕು. ಏರಿಯಲ್ಲಿ ಬಿಲ ತೋಡುವ ಪ್ರಾಣಿಗಳು, ತೂಬಿನ ಬಾಯಿಗೆ ಸಿಕ್ಕಿಕೊಳ್ಳುವ ಕಸ, ಹೂಳು ತುಂಬಿದ ತಂಗುಹೊಂಡ ಇವುಗಳ ಮೇಲೆ ನಿತ್ಯವೂ ಕಣ್ಣಿಡತಕ್ಕದ್ದು. ಯಂತ್ರವಿಲ್ಲವೆಂದ ಮಾತ್ರಕ್ಕೆ ನೋಡಿಕೊಳ್ಳುವವನೂ ಬೇಡವೆಂದು ತಿಳಿದವರ ಜೌಗುಗಳು ಕೆಲವೇ ವರ್ಷಗಳಲ್ಲಿ ಬರಿಯ ಕೊಳಚೆಗುಂಡಿಗಳಾಗಿವೆ.

ಎಷ್ಟೇ ಎಚ್ಚರದಿಂದ ನಡೆಸಿದರೂ ಜೌಗಿನ ತಳದಲ್ಲಿ ರಂಜಕದ ಋಣವೊಂದು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇರುತ್ತದೆ. ಒಂದು ದಿನ ಅಂಕಣವನ್ನು ಬರಿದುಮಾಡಿ ಹೂಳೆತ್ತಿದಲ್ಲದೆ ಅದು ತೀರುವುದಿಲ್ಲ. ಆ ಹೂಳು ಎಲ್ಲಿಗೆ ಹೋಗಬೇಕೆಂಬುದನ್ನು ಜೌಗು ಕಟ್ಟುವ ದಿನವೇ ನಿರ್ಧರಿಸತಕ್ಕದ್ದು. ಬೇಸಗೆಯಲ್ಲಿ ಬತ್ತಿದ ಕೆರೆಯಂಗಳದಿಂದ ಗೋಡುಮಣ್ಣನ್ನು ಗಾಡಿಗಳಲ್ಲಿ ಹೇರಿ ಹೊಲಕ್ಕೆ ಹರಡುವುದು ನಮ್ಮ ರೈತರಿಗೆ ಹೊಸದಲ್ಲ. ಐರ್ಲೆಂಡಿನ ಕೊಳದಿಂದ ತೆಗೆದ ಕಪ್ಪುಕೆಸರಿಗೂ ಬೆಂಗಳೂರು ಸೀಮೆಯ ಕೆರೆಗೋಡಿಗೂ ತಲಪಬೇಕಾದ ಸ್ಥಳ ಒಂದೇ: ಮೇವು ಬೆಳೆಯುವ ಹೊಲ.